ಇಲಿಯ ಲಿವರ್ ಉಳಿಸಿದ ನೆಲನೆಲ್ಲಿ ನಮ್ಮಪ್ಪನ ಲಿವರ್ ಉಳಿಸ್ತೈತೇನ್ರಿ?

ನವಲಗುಂದ ಹುಡುಗ

ಎಲ್ಲಾರಿಗೂ ಶರಣ್ರಿ. ನಾನು ಹುಬ್ಬಳ್ಳ್ಯಾಗ ಕೆಲಸ ಮಾಡ್ತೀನಿ, ಅಪ್ಪ-ಅವ್ವ ನವಲಗುಂದ ಕಡೆ ಹಳ್ಳ್ಯಾಗ ಇರ್ತಾರ. ಅಪ್ಪಗ 58, ತೂಕ 82 ಕಿಲೊ. ಕುಡಿಯೂದಿಲ್ಲ, ಎಲಿ-ಅಡಕಿ ಅಷ್ಟ. ಹೋದ ತಿಂಗಳ ಮೊಣಕಾಲ ನೋವಂತ ಕರಕೊಂಡು ಬಂದು ರಕ್ತ ತಪಾಸ್ ಮಾಡಿಸಿದ್ರ ಲಿವರಿನ ಕಿಣ್ವ ಎಸ್‌ಜಿಪಿಟಿ 112, ಎಸ್‌ಜಿಒಟಿ 78 ಬಂತು, ಎರಡೂ ಹೆಚ್ಚ. ಸ್ಕ್ಯಾನಿಂಗ್‌ನ್ಯಾಗ ಫ್ಯಾಟಿ ಲಿವರ್ ಗ್ರೇಡ್ 2. ಡಾಕ್ಟ್ರು "ತೂಕ ಇಳಸ್ರಿ, ಸಕ್ಕರಿ ಟೆಸ್ಟ್ ಮಾಡಸ್ರಿ, ಮೂರು ತಿಂಗಳ ಬಿಟ್ಟು ಬರ್ರಿ" ಅಂದು ಕಳಿಸಿದ್ರು. ಗುಳಿಗಿ ಬರದು ಕೊಡಲಿಲ್ಲ. ಅಲ್ಲೇ ಕೆಟ್ಟಿದ್ದು ನೋಡ್ರಿ. ಗುಳಿಗಿ ಬರದು ಕೊಡದಾವ ನಮ್ಮಪ್ಪನ ಲೆಕ್ಕದಾಗ ಡಾಕ್ಟ್ರ ಅಲ್ಲ.

ಈಗ ಊರಾಗ ದಿನಾ ಮುಂಜಾನೆದ್ದು ಬರೇ ಹೊಟ್ಟಿಲೆ ನೆಲನೆಲ್ಲಿ ಅರದು ಮಜ್ಜಿಗ್ಯಾಗ ಕುಡಿಯಾಕ ಹತ್ಯಾನ. ಅದು ಸಾಲದು ಅಂತ ನಮ್ಮ ಸೋದರಮಾವ ಒಂದು ಡಬ್ಬಿ ತಂದು ಕೊಟ್ಟಾನ, "ನೆಲನೆಲ್ಲಿ ಎಕ್ಸ್‌ಟ್ರ್ಯಾಕ್ಟ್", 60 ಕ್ಯಾಪ್ಸೂಲ್, 640 ರೂಪಾಯಿ. ಮ್ಯಾಲೆ ದಪ್ಪ ಅಕ್ಷರದಾಗ "ಆಂಟಿಆಕ್ಸಿಡೆಂಟ್, ಯಕೃತ್ ರಕ್ಷಕ, ವೈಜ್ಞಾನಿಕವಾಗಿ ಸಾಬೀತು" ಅಂತ ಐತಿ. ನಾ ತಕರಾರ ಮಾಡಿದ್ದಕ್ಕ ಮಾವ ವಾಟ್ಸಾಪಿನ್ಯಾಗ ಒಂದು ಸಂಶೋಧನಾ ಲೇಖನಾನ ಕಳಿಸಿಬಿಟ್ಟ. ಇಲಿಗೆ ವಿಷ ಕೊಟ್ಟಾರ, ನೆಲನೆಲ್ಲಿ ಸಾರ ಕೊಟ್ಟ ಇಲಿ ಲಿವರ್ ಛಲೋ ಉಳದೈತಿ, ಫೋಟೊ ಸಮೇತ ತೋರ್ಸ್ಯಾರ. ಸುಳ್ಳ ಅನ್ನಾಕ ನನಗ ಬರವಲ್ದು, ನಂಬಾಕನೂ ಆಗವಲ್ದು. ಇಲಿಗೆ ಆಗಿದ್ದು ನಮ್ಮಪ್ಪಗ ಆಗ್ತೈತೇನು? ತಿಳದವರು ಹೇಳ್ರಿ.

ದುರ್ಗದಬೈಲ್ ಗಿರ್ಮಿಟ್

ನಮ್ಮಜ್ಜಿ ಕಾಮಣಿ ಆದವರಿಗೆಲ್ಲಾ ಇದನ್ನ ಕೊಡ್ತಿದ್ಲು. ಓಣ್ಯಾಗ ಒಬ್ಬರೂ ಸತ್ತಿಲ್ಲ. ಕುಡ್ಯಾಕ ಬಿಡ್ರಿ ಪಾಪ.

ಮಾಳಮಡ್ಡಿ ಮೇಡಂ

ಗಿರ್ಮಿಟ್ ಅವರೇ, ನಿಮ್ಮ ಅಜ್ಜಿ ಔಷಧಿ ಕೊಡದಿದ್ರೂ ಓಣಿಯೊಳಗ ಬಹುತೇಕ ಯಾರೂ ಸಾಯ್ತಿರಲಿಲ್ಲ. ಊರೊಳಗ ಬರೋ ಕಾಮಣಿ ಹೆಚ್ಚಾಗಿ ಹೆಪಟೈಟಿಸ್ ಎ, ಇಲ್ಲಾ ಇ. ಹೊಲಸು ನೀರಿನಿಂದ ಬರ್ತದ, ಕೆಲವು ವಾರದಾಗ ತಾನೇ ಹೋಗ್ತದ. ಆ ವಾರಗಳೊಳಗ ಯಾರು ಏನು ಕುಡಿಸಿರ್ತಾರೋ ಹೆಸರು ಅದಕ್ಕ. ಬಸುರಿ ಹೆಣ್ಣುಮಕ್ಕಳಿಗೆ ಮಾತ್ರ ಇ ಭಾಳ ಅಪಾಯ, ಅವರನ್ನ ಮನಿಮದ್ದಿನ ಮ್ಯಾಲೆ ಬಿಡಲೇಬಾರದು.

ನವಲಗುಂದ ತಮ್ಮಾ, ನಿಮ್ಮ ತಂದೆಯವರಿಗೆ ಆಗಿದ್ದು ಕಾಮಣಿ ಅಲ್ಲ. ಲಿವರಿನೊಳಗ ಕೊಬ್ಬು ಕೂತದ. ಎರಡೂ ಬ್ಯಾರೆ ಬ್ಯಾರೆ. ತೂಕದೊಳಗ 7ರಿಂದ 10 ಪರ್ಸೆಂಟ್ ಇಳಿದ್ರ ಲಿವರಿನ ಉರಿಯೂತನೂ ಇಳಿತದ ಅನ್ನೋದಕ್ಕ ಗಟ್ಟಿ ಆಧಾರ ಅದ. 82 ಕಿಲೊಕ್ಕ ಅಂದ್ರ 6ರಿಂದ 8 ಕಿಲೊ. ಡಾಕ್ಟ್ರು ಹೇಳಿದ್ದು ಅದನ್ನ, ಮತ್ತ ಅದೇ ಔಷಧಿ. ದಿನಕ್ಕ ಚಹಾ ಎಷ್ಟು ಕುಡೀತಾರ, ಸಕ್ಕರಿ ಎಷ್ಟು, ಒಮ್ಮೆ ಲೆಕ್ಕ ಹಾಕಿ ಹೇಳ್ರಿ.

ನವಲಗುಂದ ಹುಡುಗ

ಮೇಡಂ, ದಿನಕ್ಕ 6 ಚಹಾ. ಒಂದೊಂದಕ್ಕ 2 ಚಮಚ.

ಮಾಳಮಡ್ಡಿ ಮೇಡಂ

12 ಚಮಚ. 50 ಗ್ರಾಮ್ ಸಕ್ಕರಿ ಚಹಾದೊಳಗ. ಅದನ್ನ ಬಿಟ್ಟು ನೆಲನೆಲ್ಲಿ ಹಿಂದ ಬಿದ್ದೀರಿ.

ಬ್ಯಾಡಗಿ ಖಾರ

ನಮ್ಮ ಗೆಳ್ಯಾ ಒಬ್ಬ ಅದಾನ್ರಿ. ರಾತ್ರಿ ಸಾವಜಿ ಖಾನಾವಳಿ, ಮುಂಜಾನೆ ನೆಲನೆಲ್ಲಿ ರಸ. "ಲಿವರಿಗೆ ಇನ್ಶೂರೆನ್ಸ್ ಮಾಡ್ಸೀನಿ" ಅಂತಾನ. ಪ್ರೀಮಿಯಂ ಕಟ್ಟಾಕಹತ್ಯಾನ, ಕ್ಲೇಮ್ ಬಂದಾಗ ಗೊತ್ತಾಗೂದು.

ಲ್ಯಾಬ್ ಕೋಟು

ನಾನು ಧಾರವಾಡದಾಗ ಎಂ.ಫಾರ್ಮ್ ಮಾಡಿದಾವ. ಇಂಥಾ ಲೇಖನ ಹೆಂಗ ತಯಾರಾಗ್ತಾವ ಅನ್ನೋದನ್ನ ಒಳಗಿಂದ ನೋಡೀನಿ. ಉದ್ದ ಆಗ್ತೈತಿ, ಓದ್ರಿ.

ಮೊದಲು ಆಂಟಿಆಕ್ಸಿಡೆಂಟ್, ಅಂದ್ರ ರ‍್ಯಾಡಿಕಲ್ ಅನ್ನೋ ಪುಂಡ ಕಣಗಳನ್ನ ತಣ್ಣಗ ಮಾಡೂ ವಸ್ತು. ಡಿಪಿಪಿಎಚ್ ಅಂತ ಒಂದು ಪುಡಿ ಐತಿ. ಮೆಥನಾಲ್‌ನ್ಯಾಗ ಕರಗಿಸಿದ್ರ ನೇರಳೆಹಣ್ಣಿನ ರಸದಂಗ ಗಾಢ ಬಣ್ಣ. ಅದಕ್ಕ ಗಿಡದ ಸಾರ ಹಾಕಿ ಅರ್ಧ ತಾಸು ಕತ್ತಲದಾಗ ಇಡ್ತೀವಿ. ಸಾರದಾಗ ಆಂಟಿಆಕ್ಸಿಡೆಂಟ್ ಇದ್ರ ನೇರಳೆ ಹೋಗಿ ಹಳದಿ ಆಗ್ತೈತಿ. 517 ನ್ಯಾನೊಮೀಟರ್‌ಗೆ ಯಂತ್ರ ಇಟ್ಟು ಓದೂದು, ವಿಟಮಿನ್ ಸಿ ಜೋಡಿ ಹೋಲಿಸೂದು. ಮುಗೀತು. ಒಂದಿನ ಬ್ಯಾಸರಕ್ಕ ನಾವು ಕ್ಯಾಂಟೀನಿನ ಹಾಲಿಲ್ಲದ ಚಹಾ ಒಂದು ಹನಿ ಹಾಕಿದ್ವಿ. ನೋಡನೋಡತಲೆ ಹಳದಿ ಆತು. ನಮ್ಮ ಗೈಡ್ ಸರ್ ನಕ್ಕು "ಇದರ ಮ್ಯಾಲೂ ಒಂದು ಪೇಪರ್ ಬರೀರಿ" ಅಂದ್ರು. ಬಾಟ್ಲ್ಯಾಗ ಬಣ್ಣ ಹೋದ ಮಾತ್ರಕ್ಕ ಹೊಟ್ಟಿಗೆ ಹೋಗಿ, ಜೀರ್ಣ ಆಗಿ, ರಕ್ತಕ್ಕ ಸೇರಿ ಲಿವರಿನ್ಯಾಗ ಅದ ಕೆಲಸ ಮಾಡ್ತೈತಿ ಅಂತ ಅಲ್ಲ.

ಇನ್ನ ಇಲಿ. ಇಲಿಗೆ ಕೊಡೂ ವಿಷ ಹೆಚ್ಚಾಗಿ ಕಾರ್ಬನ್ ಟೆಟ್ರಾಕ್ಲೋರೈಡ್. ಹಿಂದ ಡ್ರೈಕ್ಲೀನಿಂಗಿಗೆ, ಬೆಂಕಿ ಆರಿಸೂ ಡಬ್ಬಿಗೆ ಬಳಸ್ತಿದ್ದ ದ್ರಾವಕ. ಅದು ತಾನೇ ಅಷ್ಟು ಕೇಡಲ್ಲ. ಲಿವರಿನ್ಯಾಗ ಸಿವೈಪಿ2ಇ1 ಅಂತ ಒಂದು ಕಿಣ್ವ ಅದನ್ನ ಒಡದು ಟ್ರೈಕ್ಲೋರೊಮೀಥೈಲ್ ರ‍್ಯಾಡಿಕಲ್ ಮಾಡ್ತೈತಿ. ಅದು ಜೀವಕೋಶದ ಪೊರೆಯೊಳಗಿನ ಕೊಬ್ಬಿಗೆ ಬೆಂಕಿ ಹಚ್ಚಿದಂಗ ಒಂದರಿಂದ ಒಂದಕ್ಕ ಹತಗೊಂಡು ಹೋಗ್ತೈತಿ. ಪೊರೆ ಒಡದ ಮ್ಯಾಲೆ ಒಳಗಿನ ಎಸ್‌ಜಿಪಿಟಿ, ಎಸ್‌ಜಿಒಟಿ ರಕ್ತಕ್ಕ ಸೋರ್ತಾವ. ನಾವು ಅಳತಿ ಮಾಡೂದು ಆ ಸೋರಿಕೆನ.

ಇಲ್ಲೊಂದು ಮೇಖು ಐತಿ. ಸಾರಾನ ವಿಷಕ್ಕಿಂತ ಮೊದಲ ಒಂದು ವಾರ ಕುಡಿಸಿರ್ತೀವಿ. ಸಾರ ಆ ಕಿಣ್ವಾನ ಮಂಕು ಮಾಡಿದ್ರೂ ಸಾಕು, ರ‍್ಯಾಡಿಕಲ್ಲ ಹುಟ್ಟೂದಿಲ್ಲ, ಎಸ್‌ಜಿಪಿಟಿ ಏರೂದಿಲ್ಲ. ಪೇಪರಿನ್ಯಾಗ ಅದು "ಯಕೃತ್ ರಕ್ಷಣೆ" ಅಂತ ಅಚ್ಚಾಗ್ತೈತಿ. ಕಳ್ಳ ಬರೂ ಮೊದಲ ಬಾಗಲಾ ಹಾಕಿದಂಗ ಇದು. ನಿಮ್ಮಪ್ಪಾರ ಲಿವರಿನ್ಯಾಗ ಕಳ್ಳ ಒಳಗ ಬಂದು ಚಹಾ ಕುಡಕೊಂತ ಕುಂತಾನ.

ದುರ್ಗದಬೈಲ್ ಗಿರ್ಮಿಟ್

ಕಳ್ಳಗ ಸಕ್ಕರಿ ಎಷ್ಟು ಚಮಚ?

ನಿವೃತ್ತ ಮಾಸ್ತರ, ಹಾವೇರಿ

ಲ್ಯಾಬ್ ಕೋಟು ಅವರೆ, ಹಾಗಾದರೆ ಇಷ್ಟೆಲ್ಲ ಸಂಶೋಧನೆ ದಂಡವೇ? ಸರಕಾರದ ರೊಕ್ಕ, ವಿದ್ಯಾರ್ಥಿಗಳ ವರ್ಷ, ಆ ಮೂಕ ಇಲಿಗಳ ಜೀವ. ನಿಮ್ಮ ಮಾತು ಕೇಳಿದರೆ ಯಾವ ಗಿಡ ಕೊಟ್ಟರೂ ಫಲಿತಾಂಶ ಒಂದೇ ಬರುವಂತಿದೆ.

ಲ್ಯಾಬ್ ಕೋಟು

ಮಾಸ್ತರ್, ದಂಡ ಅಲ್ಲ, ಅದು ಮೊದಲ ಮೆಟ್ಟಲಾ. ಸಾವಿರ ಗಿಡದಾಗ ಯಾವುದನ್ನ ಮುಂದ ಒಯ್ಯಬೇಕು ಅಂತ ಸೋಸಾಕ ಇಂಥಾದ್ದು ಬೇಕ. ತಪ್ಪು ಎಲ್ಲಿ ಅಂದ್ರ ಎಲ್ಲಾರೂ ಮೊದಲ ಮೆಟ್ಟಲಾ ಮ್ಯಾಲೆ ನಿಂತು ಫೋಟೊ ತಕ್ಕೊಂಡು ವಾಪಸ್ ಹೋಗ್ತಾರ. ಎರಡನೇ ಮೆಟ್ಟಲಾ ಹತ್ತಾಕ ರೊಕ್ಕ ಬೇಕು, ರೋಗಿಗಳು ಬೇಕು, ವರ್ಷಗಟ್ಟಲೆ ಟೈಮ್ ಬೇಕು. ಎಂ.ಫಾರ್ಮ್ ಹುಡುಗನ ಕೈಯಾಗ ಇರೂದು ಕೆಲವು ತಿಂಗಳ.

ಇನ್ನ ನೀವು ಅಂದ ಮಾತು ಅರ್ಧ ಖರೆ. ಐದು ಗುಂಪು, ಗುಂಪಿಗೆ 6 ಇಲಿ: ಏನೂ ಕೊಡದ್ದು, ಬರೇ ವಿಷ, ವಿಷ ಮತ್ತು ಸಿಲಿಮರಿನ್ (ಹೋಲಿಕಿಗೆ ಇಡೂ ಲಿವರ್ ಔಷಧಿ), ವಿಷ ಮತ್ತು ಕಡಿಮಿ ಸಾರ, ವಿಷ ಮತ್ತು ಹೆಚ್ಚು ಸಾರ. ಕೊನಿಗೆ "ಹೆಚ್ಚು ಸಾರ ಸಿಲಿಮರಿನ್ ಸನೇಕ ಬಂತು" ಅಂತ ಬರಿಯೂದು. ಹಂಗ ಫಲಿತಾಂಶ ಬರದಿದ್ರ ಆ ಥೀಸಿಸ್ ಕಪಾಟಿನ್ಯಾಗ ಧೂಳ ತಿಂತೈತಿ. ನಾ ಮಾಡಿದ ಗಿಡದ್ದೂ ಬಂದಿರಲಿಲ್ಲ. ಅದಕ್ಕ ಇಷ್ಟು ಸಿಟ್ಟು ಅಂತ ಬೇಕಾದ್ರ ಅನ್ರಿ.

ಸಪ್ತಾಪುರ ಓದುಗ

ಸಿಲಿಮರಿನ್ ಅಂದ ಕೂಡಲೆ ನೆನಪಾಯಿತು. ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದದ್ದು. ಇಲಿ ಪ್ರಯೋಗಗಳಲ್ಲಿ ಎಲ್ಲರೂ ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಆದರೆ 2012ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂತು: ಹೆಪಟೈಟಿಸ್ ಸಿ ಇದ್ದ 154 ಜನ, 24 ವಾರ, ಮಾಮೂಲಿಗಿಂತ ಹೆಚ್ಚಿನ ಪ್ರಮಾಣದ ಸಿಲಿಮರಿನ್. ಎಸ್‌ಜಿಪಿಟಿ ಇಳಿಸುವುದರಲ್ಲಿ ಅದು ಸುಳ್ಳುಗುಳಿಗೆಗಿಂತ (ಔಷಧಿಯೇ ಇಲ್ಲದ, ಹೋಲಿಕೆಗೆ ಕೊಡುವ ಗುಳಿಗೆ) ಮೇಲಾಗಲಿಲ್ಲ. ಅಂದರೆ ತೂಕದ ಕಲ್ಲೇ ಸವೆದಿದೆ, ಅದಕ್ಕೆ ಸರಿದೂಗಿತು ಎಂದು ನಾವು ಸಂಭ್ರಮ ಪಡುತ್ತಿದ್ದೇವೆ.

ಗದಗ ವೈದ್ಯ

ನಾನು ಆಯುರ್ವೇದ ಓದಿದವನು, ಗದಗದಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಇಲಿ ಬಿಡಿ, ಎಥನಾಲ್ (ಆಲ್ಕೊಹಾಲ್) ಹಾಕಿ ತೆಗೆದ ಸಾರ ಬಿಡಿ. ಅದು ನಮ್ಮ ಪದ್ಧತಿಯೇ ಅಲ್ಲ. ನಾವು ಸ್ವರಸ ಕೊಡುತ್ತೇವೆ, ಕಷಾಯ ಕೊಡುತ್ತೇವೆ, ಪಥ್ಯ ಹೇಳುತ್ತೇವೆ, ರೋಗಿಯ ಅಗ್ನಿಬಲ (ಜೀರ್ಣಶಕ್ತಿ) ನೋಡುತ್ತೇವೆ. ಭೂಮ್ಯಾಮಲಕಿಯಿಂದ, ಅಂದರೆ ಇದೇ ನೆಲನೆಲ್ಲಿಯಿಂದ, ಕಾಮಾಲೆಯವರಿಗೆ ಹಸಿವು ಬಂದದ್ದನ್ನು, ವಾಕರಿಕೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೋದರಮಾವಂದಿರು ಡಬ್ಬಿ ಮಾರಿದ್ದಕ್ಕೆ ಶಾಸ್ತ್ರ ಹೊಣೆಯಲ್ಲ.

ಸಪ್ತಾಪುರ ಓದುಗ

ಡಾಕ್ಟ್ರೇ, ಜಗಳಕ್ಕಲ್ಲ, ಕುತೂಹಲಕ್ಕೆ ಕೇಳುತ್ತೇನೆ. ಚರಕ ಸಂಹಿತೆಯಲ್ಲಿ ತಾಮಲಕಿ (ನೆಲನೆಲ್ಲಿಗೆ ಹೇಳುವ ಹಳೆಯ ಹೆಸರು) ಬರುವುದು ಕಾಸಹರ ಮತ್ತು ಶ್ವಾಸಹರ ಗಣಗಳಲ್ಲಿ ಅಲ್ಲವೆ? ಅಂದರೆ ಕೆಮ್ಮು, ದಮ್ಮು. ಹಾಗಿದ್ದರೆ ಲಿವರಿನ ಹೆಸರು ಇದಕ್ಕೆ ಇಷ್ಟು ಗಟ್ಟಿಯಾಗಿ ಅಂಟಿದ್ದು ಯಾವಾಗ?

ಗದಗ ವೈದ್ಯ

ಗಣಗಳ ಮಟ್ಟಿಗೆ ನಿಮ್ಮ ಮಾತು ಸರಿ. ಒಂದು ದ್ರವ್ಯಕ್ಕೆ ಒಂದೇ ಕೆಲಸ ಎಂದು ಚರಕರು ಎಲ್ಲೂ ಹೇಳಿಲ್ಲ. ಔಷಧಿದ್ರವ್ಯಗಳ ನಿಘಂಟು ಬರೆದವರು, ಊರ ವೈದ್ಯರು ಮುಂದೆ ಬೆಳೆಸುತ್ತ ಬಂದರು. ಬೆಳೆಯದ ಶಾಸ್ತ್ರ ಶಾಸ್ತ್ರವೇ ಅಲ್ಲ.

ಹೆಗ್ಗೇರಿ ಹಳೇ ಹುಲಿ

ಎಲ್ಲಾರೂ ಇಲಿ ಇಲಿ ಅನ್ನಾಕ ಹತ್ತೀರಿ. ಮನಷ್ಯಾರ ಮ್ಯಾಲೂ ಆಗೈತ್ರಿ. 1988ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂದೈತಿ, ಮದ್ರಾಸಿನವರು ಮಾಡಿದ್ದು. ಅದರಾಗ ನೊಬೆಲ್ ತಗೊಂಡ ಬ್ಲೂಂಬರ್ಗ್ ಹೆಸರೂ ಐತಿ, ಹೆಪಟೈಟಿಸ್ ಬಿ ಕಂಡ ಹಿಡದಾವ. ನೆಲನೆಲ್ಲಿ ಪುಡಿ 200 ಮಿಲಿಗ್ರಾಮ್, ದಿನಕ್ಕ ಮೂರು ಸಲ, 30 ದಿನ. 37 ಮಂದ್ಯಾಗ 22 ಮಂದಿ ರಕ್ತದಾಗ ಬಿ ವೈರಸ್ಸಿನ ಗುರುತು ಹೋಗಿತ್ತು. ಸುಳ್ಳುಗುಳಿಗಿ ತಗೊಂಡ 23ರಾಗ ಒಬ್ಬಂದು ಅಷ್ಟ. 59 ಪರ್ಸೆಂಟ್ ಎಲ್ಲಿ, 4 ಪರ್ಸೆಂಟ್ ಎಲ್ಲಿ! ಇದಕ್ಕೇನಂತೀರಿ?

ಲ್ಯಾಬ್ ಕೋಟು

ಹುಲಿ ಅಣ್ಣಾ, ಅಂಕಿ ಸರಿ ಅದಾವ. ಆದ್ರ ಕಥಿ ಅರ್ಧಕ್ಕ ನಿಲ್ಲಿಸೀರಿ. ಆ ಲೇಖನ ಬಂದ ಮ್ಯಾಲೆ ಜಗತ್ತೆಲ್ಲಾ ಮುಗಿಬಿದ್ದು ಮಾಡಿ ನೋಡಿತು. ಥೈಲ್ಯಾಂಡಿನವರು ಮಾಡಿದ್ರ ಗುರುತು ಹೋಗಲಿಲ್ಲ. 2011ರಾಗ ಕಾಕ್ರೇನ್‌ನವರು (ವೈದ್ಯಕೀಯ ಪ್ರಯೋಗಗಳನ್ನ ಒಟ್ಟು ಮಾಡಿ ತೂಗಿ ನೋಡೂ ಸಂಸ್ಥೆ) 16 ಪ್ರಯೋಗ ಕೂಡಿಸಿ ಕುಂತು ನೋಡಿದ್ರು. ಸುಳ್ಳುಗುಳಿಗಿ ಜೋಡಿ ಹೋಲಿಸಿದ್ರ ನಂಬುವಂಥ ಲಾಭ ಕಾಣಲಿಲ್ಲ, ಇನ್ನೂ ಛಲೋ ಪ್ರಯೋಗ ಬೇಕು ಅಂದ್ರು. ನಮ್ಮೂರಾಗ 59 ಪರ್ಸೆಂಟ್ ಅಷ್ಟ ತಿರಗಾಡ್ತೈತಿ, ಮುಂದಿನದು ಯಾರಿಗೂ ಗೊತ್ತಿಲ್ಲ.

ಮತ್ತ ಅದು ಹೆಪಟೈಟಿಸ್ ಬಿ. ಇವರಪ್ಪಾರಿಗೆ ಇರೂದು ಕೊಬ್ಬು. ಹಲ್ಲನೋವಿಗೆ ಕಣ್ಣಿನ ಹನಿ ಹಾಕಿದಂಗ.

ಹೆಗ್ಗೇರಿ ಹಳೇ ಹುಲಿ

ಥೈಲ್ಯಾಂಡಿನ ನೆಲನೆಲ್ಲಿ ಬ್ಯಾರೆ, ನಮ್ಮದು ಬ್ಯಾರೆ. ಮಣ್ಣಿನ ಗುಣ ಇರ್ತೈತಿ ತಮ್ಮಾ.

ಕಪ್ಪತಗುಡ್ಡದ ಗಾಳಿ

ಮಣ್ಣಿನ ಗುಣ ಅಂದ್ರಿ, ನಾ ಬಾಯಿ ಹಾಕಲೇಬೇಕು. ಸಸ್ಯಶಾಸ್ತ್ರ ಕಲಿಸ್ತೀನಿ, ಊರು ಮುಂಡರಗಿ ತಾಲೂಕು.

"ನೆಲನೆಲ್ಲಿ" ಒಂದು ಗಿಡ ಅಲ್ಲ. ನಮ್ಮ ಮಂದಿ ಕನಿಷ್ಠ ಮೂರ್ನಾಕು ಜಾತಿಗೆ ಅದ ಹೆಸರಿಟ್ಟಾರ. ಫಿಲಾಂಥಸ್ ಅಮಾರಸ್, ಫ್ರಾಟರ್ನಸ್, ಯುರಿನೇರಿಯಾ, ಮದರಾಸ್ಪಟೆನ್ಸಿಸ್. ಅಮಾರಸ್ ಹೂವಿಗೆ ಐದು ದಳದಂಥವು, ಫ್ರಾಟರ್ನಸ್‌ಗೆ ಆರು, ಕೈಮಸೂರ ಇಲ್ದ ಎಣಸಾಕ ಬರೂದಿಲ್ಲ. ಯುರಿನೇರಿಯಾದ ಕಾಯಿ ಖರಬುರ, ತೊಟ್ಟು ಇಲ್ಲದಂಗ ಅಂಟಿಕೊಂಡಿರ್ತೈತಿ. ಮದರಾಸ್ಪಟೆನ್ಸಿಸ್ ಎಲಿ ಬೆಣಿ ಆಕಾರ. ಫಿಲಾಂಥಿನ್ ಅನ್ನೋ ಅಂಶ ಅಮಾರಸ್‌ನ್ಯಾಗ ಛಲೋ ಇರ್ತೈತಿ, ಯುರಿನೇರಿಯಾದಾಗ ಹುಡುಕಬೇಕು. ಅಂದ್ರ ಡಬ್ಬ್ಯಾಗ ಯಾವುದು ಐತಿ ಅನ್ನೋದ ಮೊದಲ ಪ್ರಶ್ನಿ.

ಇನ್ನೊಂದು ಹೇಳಿದ್ರ ಹುಲಿ ಅಣ್ಣಾರಿಗೆ ಸಿಟ್ಟು ಬರ್ತೈತಿ. ಫಿಲಾಂಥಸ್ ಅಮಾರಸ್ ಮೂಲ ಅಮೆರಿಕ ಖಂಡದ್ದು, ಆಮ್ಯಾಲೆ ಕಳೆಯಾಗಿ ಜಗತ್ತೆಲ್ಲಾ ಹಬ್ಬೈತಿ ಅಂತ ಸಸ್ಯಶಾಸ್ತ್ರದವರು ಭಾಳ ಮಂದಿ ಅಂತಾರ. ಮೆಣಸಿನಕಾಯಿ ಬಂದಂಗ.

ಬ್ಯಾಡಗಿ ಖಾರ

ಮೆಣಸಿನಕಾಯಿ ಸುದ್ದಿಗೆ ಬರಬ್ಯಾಡ್ರಿ. ಅದು ಬ್ಯಾಡಗ್ಯಾಗ ಹುಟ್ಟಿದ್ದು. ಮುಗೀತು.

ಹೆಗ್ಗೇರಿ ಹಳೇ ಹುಲಿ

ಹಂಗಾದ್ರ ಚರಕರ ತಾಮಲಕಿ ಯಾವುದ್ರಿ, ವಿಮಾನದಾಗ ಬಂತೇನು?

ಕಪ್ಪತಗುಡ್ಡದ ಗಾಳಿ

ಅದ ಮಜಾ ಇರೂದು. ಹೆಸರು ಹಳೇದು, ಅದರೊಳಗ ಕುಂತ ಗಿಡ ಹೊಸಾದೂ ಇರಬಹುದು.

ದುರ್ಗದಬೈಲ್ ಗಿರ್ಮಿಟ್

ಕಪ್ಪತಗುಡ್ಡದ ನೆಲನೆಲ್ಲಿ ತರಸ್ರಿ ಅಣ್ಣಾ, ಅಲ್ಲಿ ಗಾಳಿನ ಔಷಧಿ ಅಂತಾರ. ಮುಂದಿನ ರವಿವಾರ ಗಾಡಿ ಮಾಡಿಕೊಂಡು ಎಲ್ಲಾರೂ ಹೋಗೂಣೇನು? ಡೋಣಿ ಊರೊಳಗ ಮಿರ್ಚಿ ಕಟ್ಟಿಸಿಕೊಂಡು.

ಕಪ್ಪತಗುಡ್ಡದ ಗಾಳಿ

ನೋಡಾಕ ಬರ್ರಿ, ಕೀಳಾಕ ಬರಬ್ಯಾಡ್ರಿ. 2019ರಿಂದ ಅದು ವನ್ಯಜೀವಿ ಧಾಮ, ಗಿಡ ಕಿತ್ತ ಒಯ್ದ್ರ ಕೇಸ್ ಬೀಳ್ತೈತಿ. ಗಣಿ ಬ್ಯಾಡ ಅಂತ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದ ನಿಂತು ಹೋರಾಡಿದ ಗುಡ್ಡ. ಕಂಪನಿ ಕೈಯಿಂದ ಉಳಿಸಿ ಮಿರ್ಚಿ ಮಂದಿ ಕೈಗೆ ಕೊಡಾಕಲ್ಲ. ಮತ್ತ ನೆಲನೆಲ್ಲಿಗೆ ಗುಡ್ಡ ಹತ್ತೂದು ಯಾಕ? ಮಳಿ ಬಿದ್ದ ಎಂಟು ದಿನಕ್ಕ ನಿಮ್ಮ ಹಿತ್ತಲದಾಗ, ಬಚ್ಚಲ ಕಲ್ಲಿನ ಸಂದ್ಯಾಗ ಎದ್ದಿರ್ತೈತಿ.

ನವಲಗುಂದ ತಮ್ಮಾ, ನಿಮ್ಮಪ್ಪಾರು ಕುಡಿಯೂ ಗಿಡಾನ ಒಂದು ಸಲ ತಪಾಸ್ ಮಾಡ್ರಿ. ಎರಡ ಪ್ರಶ್ನಿ. ಕಡ್ಡಿ ಹೊಳ್ಳಿಸಿ ನೋಡಿದ್ರ ಎಲಿ ಕೆಳಗ ಸಾಸಿವಿಯಂಥ ಕಾಯಿ ಸಾಲಾಗಿ ಜೋತಾವೇನು? ಕಾಂಡ ಚಿವುಟಿದ್ರ ಹಾಲು ಬರ್ತೈತೇನು? ನೆಲನೆಲ್ಲಿಗೆ ಹಾಲಿಲ್ಲ. ಹಾಲು ಬಂದ್ರ ಅದು ಬ್ಯಾರೆ, ಯುಫೋರ್ಬಿಯಾ ಕಡೇದು.

ನವಲಗುಂದ ಹುಡುಗ

ಸರ್, ಈಗ ಅವ್ವಗ ವಿಡಿಯೊ ಕಾಲ್ ಮಾಡಿದ್ದೆ. ಅಪ್ಪ ನಾಳಿಗೆ ಅಂತ ಹೆಸರಕಾಳಿನ ಹೊಲದ ಬದುವಿನಿಂದ ಕಿತ್ತ ತಂದ ಕಟ್ಟು ಪಡಸಾಲ್ಯಾಗ ಇತ್ತು. ಬಿಚ್ಚಿ ಒಂದೊಂದ ಹೊಳ್ಳಿಸಿ ತೋರಿಸಿದ್ಲು. ಒಟ್ಟು 11 ಗಿಡ. ಎಂಟರಾಗ ಕಾಯಿ ಸಾಲು ಇತ್ತು. ಉಳದ ಮೂರು ಚಾಪಿಗತೆ ಹರವಿಕೊಂಡಿದ್ವು, ಕಾಂಡ ಕೆಂಪಗ. ಅವ್ವ ಉಗರಲೆ ಚಿವುಟಿದ ಕೂಡ್ಲೆ ಬಿಳೀ ಹಾಲು ಹನಿ ನಿಂತು. ಅವ್ವ ತನ್ನ ಬಟ್ಟು ನೋಡಿಕೊಂಡು "ಅಯ್ಯ ಶಿವನ, ಇದು ಬ್ಯಾರೆನ ಐತಲ್ಲೋ" ಅಂದ್ಲು. ಹಿಂದಿಂದ ಅಪ್ಪ "40 ವರ್ಷ ಒಕ್ಕಲುತನ ಮಾಡೀನಿ, ನನಗ ಗಿಡ ಗೊತ್ತಿಲ್ಲೇನು" ಅಂತ ಒದರಾಕ ಹತ್ತಿದ್ದ. ಚಸ್ಮಾ ಮಾತ್ರ ಗೂಟಕ್ಕ ಜೋತಿತ್ತು.

ಮಾಳಮಡ್ಡಿ ಮೇಡಂ

ಹನ್ನೊಂದರಾಗ ಮೂರು! ಲೇಖನದೊಳಗಿನ ಇಲಿಗೆ ಕೊಟ್ಟ ಗಿಡಾನ ಸಸ್ಯಶಾಸ್ತ್ರದವರು ಗುರುತಿಸಿ, ಒಂದು ಮಾದರಿ ಒಣಗಿಸಿ ಕಾಗದಕ್ಕ ಹಚ್ಚಿ ಇಟ್ಟಿರ್ತಾರ. ಇಲಿಗೆ ಸಿಕ್ಕ ಭಾಗ್ಯ ನಿಮ್ಮ ತಂದೆಯವರಿಗೆ ಇಲ್ಲ ನೋಡ್ರಿ.

ರಾಣೆಬೆನ್ನೂರ ರೈತ

ಗಿಡ ಖರೇನ ನೆಲನೆಲ್ಲಿ ಇದ್ರೂ ಒಂದು ಮಾತು ಕೇಳ್ರಿ. ನಮ್ಮ ಕಡೆ ಗೋವಿನಜೋಳಕ್ಕ ಎಲ್ಲಾರೂ ಕಳೆ ಎಣ್ಣಿ ಹೊಡಿತಾರ. ಹೊಡದ ಮ್ಯಾಲೆ ಕಳೆ ಆ ದಿನಾನ ಸಾಯೂದಿಲ್ಲ, ನಾಕೈದು ದಿನ ಹಚ್ಚಗ ನಿಂತಿರ್ತೈತಿ. ಹೋದ ವರ್ಷ ಒಬ್ಬ ಹೆಣ್ಣುಮಗಳು ನಮ್ಮ ಬದುವಿನ್ಯಾಗ ನೆಲನೆಲ್ಲಿ ಕೀಳಾಕ ಹತ್ತಿದ್ಲು. ನಾ ಓಡಿ ಹೋಗಿ ನಿಲ್ಲಿಸಿದೆ. ಎರಡ ದಿನದ ಹಿಂದ ಹೊಡದಿದ್ದೆ. "ಔಷಧಿಗೆ ಬೇಕಿತ್ತೋ ಯಪ್ಪಾ" ಅಂದ್ಲು. ಔಷಧಿ ಮ್ಯಾಲೆ ಔಷಧಿ ಕೂತೈತಿ ಯವ್ವಾ ಅಂದೆ. ಬದುವಿನ್ಯಾಗಿಂದ ತಿನ್ನೂ ಕಾಲ ಹೋತ್ರಿ.

ಲೈನ್ ಬಜಾರ್ ಪೇಢಾ

ನಮ್ಮ ಕಾಕಾನ ಸುದ್ದಿ ಹೇಳ್ತೀನಿ. ಇಲ್ಲಿ ನಗ್ಯಾಡೂದು ಬಿಟ್ಟು ಓದ್ರಿ ಒಮ್ಮೆ.

ಕಣ್ಣು ಹಳದಿ ಆದ್ವು. ಮನ್ಯಾಗ ಎಲ್ಲಾರೂ ಕಾಮಣಿ ಅಂದ್ರು, ಒಂದೂರಿಗೆ ಕರಕೊಂಡು ಹೋದ್ವಿ. ಊರ ಹೆಸರು ಬ್ಯಾಡ. ಅಲ್ಲೊಬ್ಬರು ಕೈಗೆ ಏನೋ ರಸ ತಿಕ್ಕಿ, ಸುಣ್ಣದ ನೀರಾಗ ಕೈ ತೊಳಸ್ತಾರ. ನೀರು ಹಳದಿ ಆತು. "ನೋಡ್ರಿ, ಕಾಮಣಿ ಇಳದು ಬರಾಕ ಹತ್ತೈತಿ" ಅಂದ್ರು. ಕಾಕಾ ಕೈ ಮುಗದು ಅತ್ತ. ಮೂರು ವಾರ, ಮೂರು ಗುರುವಾರ ಹೋದ್ವಿ. ಪ್ರತಿ ಸಲ ನೀರು ಹಳದಿ ಆಗ್ತಿತ್ತು, ಕಣ್ಣು ಇನ್ನೂ ಹಳದಿ ಆಗ್ತಿದ್ವು. ರಾತ್ರೆಲ್ಲಾ ಮೈ ತುರಿಸಿಕೊಂತ ಕೂಡ್ತಿದ್ದ. ಕಾಕು ಒಂದಿನ ನಾಚಿಕೊಂತ ಹೇಳಿದ್ಲು, "ಸಂಡಾಸ ಬೂದಿಯಂಗ ಬೆಳ್ಳಗ ಹೋಗ್ತೈತಿ". ಅದನ್ನ ಕೇಳಿ ನಮ್ಮ ಓಣ್ಯಾಗಿನ ಒಬ್ಬ ನರ್ಸಕ್ಕ "ಇವತ್ತ ರಾತ್ರಿನ ಒಯ್ರಿ" ಅಂದ್ಲು. ಪಿತ್ತನಾಳದಾಗ ಹಳ್ಳು ಸಿಕ್ಕೊಂಡಿತ್ತು, ಒಳಗ ಕೀವು. ಬದುಕಿದ. ಆದ್ರ 19 ದಿನ ದವಾಖಾನ್ಯಾಗ.

ಆಮ್ಯಾಲೆ ಗೊತ್ತಾತು, ಮಾವಿನ ತೊಗಟಿ ರಸ ಹಚ್ಚಿ ಸುಣ್ಣದ ನೀರಾಗ ಯಾರ ಕೈ ತೊಳದ್ರೂ ಹಳದಿ ಆಗ್ತೈತಿ ಅಂತ. ನಾನ ಮನ್ಯಾಗ ಮಾಡಿ ನೋಡಿದೆ. ನನಗೇನೂ ಕಾಮಣಿ ಇರಲಿಲ್ಲ.

ಗದಗ ವೈದ್ಯ

ಪೇಢಾ ಅವರ ಮಾತಿಗೆ ನನ್ನ ಪೂರ್ಣ ಸಹಮತ. ಬಿಳಿ ಮಲ, ತುರಿಕೆ, ಜ್ವರ, ಹೊಟ್ಟೆನೋವು ಇದ್ದರೆ ನಾನು ಒಂದು ಚಮಚ ಕಷಾಯವನ್ನೂ ಕೊಡುವುದಿಲ್ಲ, ನೇರ ಸ್ಕ್ಯಾನಿಂಗಿಗೆ ಕಳಿಸುತ್ತೇನೆ. ಕೂಸಿಗೆ ಕಾಮಣಿ ಎಂದು ಹೊಟ್ಟೆಗೆ ಬರೆ ಹಾಕಿಸಿಕೊಂಡು ಬರುವವರು ಈಗಲೂ ಇದ್ದಾರೆ. ಅದನ್ನು ನೋಡಿದಾಗ ಇಲ್ಲಿ ಇಲಿ-ಸಿಲಿಮರಿನ್ ಎಂದು ಜಗಳವಾಡುವುದೇ ನಾಚಿಕೆ ಎನಿಸುತ್ತದೆ.

ನಿವೃತ್ತ ಮಾಸ್ತರ, ಹಾವೇರಿ

ನಾನೊಂದು ಲೆಕ್ಕ ಹಾಕಿದೆ. ತಪ್ಪಿದ್ದರೆ ತಿದ್ದಿರಿ. ಮಾವ ಕಳಿಸಿದ ಲೇಖನದಲ್ಲಿ ಇಲಿಗೆ ಕಿಲೊ ತೂಕಕ್ಕೆ 200 ಮಿಲಿಗ್ರಾಂ ಸಾರ ಎಂದಿದೆಯಂತೆ. 82 ಕಿಲೊ ಮನುಷ್ಯನಿಗೆ 16 ಗ್ರಾಂ ಆಯಿತು. ಕ್ಯಾಪ್ಸೂಲಿಗೆ 500 ಮಿಲಿಗ್ರಾಂ ಹಿಡಿದರೆ ದಿನಕ್ಕೆ 32 ಕ್ಯಾಪ್ಸೂಲ್! ಎರಡು ದಿನಕ್ಕೆ ಡಬ್ಬಿ ಖಾಲಿ.

ಲ್ಯಾಬ್ ಕೋಟು

ಮಾಸ್ತರ್, ಗುಣಾಕಾರ ಸರಿ, ವಿಧಾನ ತಪ್ಪು. ಇಲಿ ಸಣ್ಣ ಪ್ರಾಣಿ, ಔಷಧಿ ಲಗೂನ ಖರ್ಚು ಮಾಡ್ತೈತಿ. ಇಲಿಯಿಂದ ಮನಷ್ಯಾಗ ಬರುವಾಗ 6.2ಲೆ ಭಾಗಿಸ್ತಾರ. 200 ಅನ್ನೋದು ಸುಮಾರು 32 ಆಗ್ತೈತಿ. 82 ಕಿಲೊಕ್ಕ 2.6 ಗ್ರಾಮ್ ಸಾರ, ದಿನಕ್ಕ ಐದು ಕ್ಯಾಪ್ಸೂಲ್. ಅದೂ ಒಳಗ ಇರೂದು ಖರೇ ಸಾರ ಇದ್ರ. ಬರೇ ಒಣ ಪುಡಿ ತುಂಬಿದ್ರ, 100 ಗ್ರಾಮ್ ಪುಡಿಗೆ 10 ಗ್ರಾಮ್ ಸಾರ ಬಂತು ಅಂತ ಹಿಡೀರಿ, 26 ಗ್ರಾಮ್ ಪುಡಿ ಬೇಕು. ಮತ್ತ ಈ ಭಾಗಾಕಾರ ಇರೂದು ಮೊದಲ ಪ್ರಯೋಗಕ್ಕ ಎಷ್ಟು ಕೊಟ್ರ ಅಪಾಯ ಇಲ್ಲ ಅಂತ ಅಂದಾಜು ಮಾಡಾಕ, ಇಷ್ಟು ತಗೊಂಡ್ರ ಗುಣ ಆಗ್ತೈತಿ ಅನ್ನಾಕ ಅಲ್ಲ.

ಮನ್ಯಾಗ ಅರದ ರಸದ ಲೆಕ್ಕಾನ ಬ್ಯಾರೆ. ಫಿಲಾಂಥಿನ್ ನೀರಾಗ ಸರಿಯಾಗಿ ಕರಗೂದಿಲ್ಲ, ಆಲ್ಕೊಹಾಲಿನ್ಯಾಗ ಕರಗತೈತಿ.

ಬ್ಯಾಡಗಿ ಖಾರ

ಇದನ್ನ ನಮ್ಮ ಗೆಳ್ಯಾಗ ಹೇಳಬ್ಯಾಡ್ರಿ. ನಾಳಿಂದ ಮಜ್ಜಿಗಿ ಬಿಟ್ಟು ಅದರಾಗ ಕಲಸ್ತಾನ.

ಸಪ್ತಾಪುರ ಓದುಗ

"ಗಿಡ ತಾನೆ, ಕೇಡೇನು" ಎನ್ನುವವರಿಗೆ ಅಮೃತಬಳ್ಳಿ ನೆನಪಿಸುತ್ತೇನೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದು ಲಿವರ್ ಕೆಟ್ಟ 6 ರೋಗಿಗಳ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಕುಲದ ಬೇರೆ ಬಳ್ಳಿ ಇದ್ದೀತು, ಗಿಡ ಸರಿಯಾಗಿ ಗುರುತಿಸಿಲ್ಲ ಎಂದಿತು. ಮುಂದೆ ಬೇರೆ ಬೇರೆ ಊರಿನ 13 ಆಸ್ಪತ್ರೆಗಳ 43 ರೋಗಿಗಳ ವರದಿಯೂ ಬಂತು. ಇಲಿ ಪ್ರಯೋಗಗಳಲ್ಲಿ ಅಮೃತಬಳ್ಳಿಯೂ "ಯಕೃತ್ ರಕ್ಷಕ"ವೇ.

ಗದಗ ವೈದ್ಯ

ವರ್ಷಗಟ್ಟಲೆ ದಿನಾ ಕುಡಿಯಿರಿ ಎಂದು ಯಾವ ವೈದ್ಯನೂ ಹೇಳಿರಲಿಲ್ಲ. ಹೇಳಿದ್ದು ವಾಟ್ಸಾಪು.

ಮಾಳಮಡ್ಡಿ ಮೇಡಂ

ನವಲಗುಂದ ತಮ್ಮಾ, ಇಷ್ಟೆಲ್ಲಾ ಮಾತಾಡಿದ್ವಿ, ಒಂದು ಮಾತು ಯಾರೂ ಕೇಳಲಿಲ್ಲ, ನಾನೂ ಮರತೆ. ಮೊಣಕಾಲ ನೋವಂತ ಬರದೀರಿ. ಆ ನೋವಿಗೆ ಏನು ತಗೊಳ್ತಾರ? ಎಷ್ಟು ದಿನದಿಂದ?

ನವಲಗುಂದ ಹುಡುಗ

ಏನೂ ಇಲ್ಲ ಅಂದಿದ್ದ ಮೇಡಂ. ನೀವು ಕೇಳಿದ್ರಿ ಅಂತ ಮತ್ತ ಅವ್ವಗ ಕೇಳಿದೆ. ಊರಾಗ ಒಂದು ಅಂಗಡ್ಯಾಗ ಕಾಗದದಾಗ ಕಟ್ಟಿ ಕೊಡ್ತಾರಂತ, ಮೂರು ಬಣ್ಣದ ಗುಳಿಗಿ, ದಿನಾ ಮುಂಜಾನೆ ಒಂದು ಪುಡಿಕಿ, ಸಂಜಿಕ ಒಂದು. ಆರು ತಿಂಗಳ ಆತಂತ. ಡಾಕ್ಟ್ರ ಮುಂದ ಯಾಕ ಹೇಳಲಿಲ್ಲೋ ಅಂದ್ರ "ಅದು ಗುಳಿಗಿ ಅಲ್ಲ, ನೋವಿಂದು" ಅಂತಾನ.

ಮಾಳಮಡ್ಡಿ ಮೇಡಂ

ದೇವರೇ. ಆ ಪುಡಿಕಿ ಹಂಗ ಹಿಡಕೊಂಡು ಡಾಕ್ಟ್ರ ಕಡೆ ಹೋಗ್ರಿ. ಮೂರು ತಿಂಗಳ ಕಾಯಬ್ಯಾಡ್ರಿ, ಈ ವಾರನ. ನೋವಿನ ಗುಳಿಗಿ ಡೈಕ್ಲೋಫಿನಾಕ್ ಇದ್ರ ಅದೊಂದೇ ಎಸ್‌ಜಿಪಿಟಿ ಏರಿಸಬಹುದು. ಪ್ಯಾರಾಸಿಟಮಾಲ್ ಹೆಚ್ಚಾದ್ರ ಅದೂ ಲಿವರಿಗೇ ಹೊಡೀತದ. ಇಂಥಾ ಪುಡಿಕಿಯೊಳಗ ಸ್ಟಿರಾಯ್ಡ್ ಇರೋದೂ ಉಂಟು, ಅದು ತೂಕ, ಸಕ್ಕರಿ ಎರಡೂ ಏರಿಸ್ತದ. ಸ್ಟಿರಾಯ್ಡ್ ಇದ್ದ್ರ ತಾವೇ ಒಮ್ಮೆಲೆ ಬಿಡೋದೂ ಅಪಾಯ, ಡಾಕ್ಟ್ರನ್ನ ಕೇಳಿಯೇ ಬಿಡಿಸ್ರಿ. ಕ್ಯಾಪ್ಸೂಲ್ ಡಬ್ಬಿನೂ ಒಯ್ರಿ. ರಸ, ಪುಡಿ, ಎಲ್ಲಾ ಹೇಳ್ರಿ. ಬೈತಾರ ಅಂತ ಮುಚ್ಚಿಡಬ್ಯಾಡ್ರಿ.

ಲ್ಯಾಬ್ ಕೋಟು

ನಾವು ಇಲಿ ಹಿಂದ ಓಡಿದ್ವಿ, ಹಾವು ಜಂತ್ಯಾಗಿತ್ತು.

ಹೆಗ್ಗೇರಿ ಹಳೇ ಹುಲಿ

ಅಂದ್ರ ನೆಲನೆಲ್ಲಿದು ತಪ್ಪಿಲ್ಲ ಅಂತಾತು.

ಲ್ಯಾಬ್ ಕೋಟು

ಅಣ್ಣಾ, ಅದಕ್ಕ ಒಪ್ಪಿದೆ ಅಂತ ನಾ ಯಾವಾಗ ಅಂದೆ?

ನವಲಗುಂದ ಹುಡುಗ

ಹೋಗಿ ಬಂದ್ವಿ. ಡಾಕ್ಟ್ರು ಪುಡಿಕಿ ಬಿಚ್ಚಿ ಮೇಜಿನ ಮ್ಯಾಲೆ ಮೂರೂ ಗುಳಿಗಿ ಸಾಲಿಗೆ ಇಟ್ಟು ಭಾಳ ಹೊತ್ತು ನೋಡಿದ್ರು. ಒಂದರ ಹೆಸರು ಗೊತ್ತಾತು, ನೋವಿಂದು, ಮೇಡಂ ಹೇಳಿದ್ದ. ಇನ್ನೊಂದು ಸ್ಟಿರಾಯ್ಡ್ ಇರಬೇಕು ಅಂದ್ರು, ಹಂತಹಂತವಾಗಿ ಬಿಡಿಸೂಣು ಅಂತ ದಿನಾವಾರಿ ಬರದು ಕೊಟ್ಟಾರ. ಸಕ್ಕರಿನೂ ಗಡಿ ಮ್ಯಾಲೆ ಐತಿ. ಕ್ಯಾಪ್ಸೂಲ್ ಬಂದ್ ಮಾಡ್ಸ್ಯಾರ. ಒಂದು ತಿಂಗಳಿಗೆ ಮತ್ತ ಎಸ್‌ಜಿಪಿಟಿ.

ಈ ಸಲ ಚೀಟಿ ಬರದು ಕೊಟ್ಟದ್ದಕ್ಕ ಅಪ್ಪಗ ಡಾಕ್ಟ್ರ ಮ್ಯಾಲೆ ಭರವಸಿ ಬಂದೈತಿ. ಚಹಾ ಎರಡಕ್ಕ ಇಳದೈತಿ, ಒಂದಕ್ಕ ಸಕ್ಕರಿ ಇಲ್ಲ, ಅದನ್ನ ಕುಡಿಯುವಾಗ ಮಾರಿ ನೋಡಬೇಕ್ರಿ. ನೆಲನೆಲ್ಲಿ ಬಿಟ್ಟಾನ, ಮಜ್ಜಿಗಿ ಬಿಟ್ಟಿಲ್ಲ. ಮಾವ ಮಾತ ಬಿಟ್ಟಾನ. ಡಬ್ಬ್ಯಾಗ ಇನ್ನೂ 41 ಕ್ಯಾಪ್ಸೂಲ್ ಉಳದಾವ, ವಾಪಸ್ ತಗೋ ಅಂದ್ರ "ಸೀಲ್ ಒಡದೈತಿ" ಅಂತ ಅವ್ವನ ಕಡೆ ಹೇಳಿ ಕಳಸ್ಯಾನ.